ಹುಲಗೆಮ್ಮನ ಎಡಗೈ

ಭಾಗ್ಯನಗರ, ಕೊಪ್ಪಳ
16 ಜುಲೈ 2010

ಪ್ರೀತಿಯ ಶಹನಾಜ,

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ತಿಂಗಳುಗಟ್ಟಲೆ ಕೂತೆ, ಬಾಯಿತುಂಬ ಬೈದುಬಿಡು. ಗಂಗಾವತಿಯಲ್ಲಿ ನಿನ್ನ ಮೊಮ್ಮಗಳ ಕೆಮ್ಮು ವಾಸಿಯಾಯಿತೆ? ನನ್ನ ಮೊಣಕಾಲು ನೋವು ಇದ್ದಲ್ಲೇ ಇದೆ.

ನಮ್ಮ ಶಾಲೆಗೆ ಅಮೃತಾ ಎಂಬ ಹೊಸ ಟೀಚರ್ ಬಂದಿದ್ದಾಳೆ, ಒಂದನೇ ತರಗತಿಗೆ. ಬೆತ್ತವಿಲ್ಲ, ಕುರ್ಚಿಯಿಲ್ಲ! ಮಕ್ಕಳ ನಡುವೆ ನೆಲಕ್ಕೆ ಕೂತು ಕಿನ್ನಾಳದ ಗೊಂಬೆ ಕುಣಿಸುತ್ತ ಪಾಠ. ಗೋಡೆಯ ಈಚೆ ನನ್ನ ನಾಲ್ಕನೇ ತರಗತಿ ಮಗ್ಗಿ ಹೇಳುತ್ತಿದ್ದರೆ ಆಚೆ ಬರೀ ಕೇಕೆ.

"ಏನವ್ವಾ, ಇದು ಸಾಲಿ ಐತೋ, ಸಂತಿ ಐತೋ?" ಅಂದೆ.

"ಅಕ್ಕೋರ, ನೀವೂ ಒಂದೀಟು ಬಂದು ಕುಂದರ್ರಿ" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು ನೋಡು.

ಹೋದ ವಾರ ಫಕೀರಮ್ಮ ತನ್ನ ಮೊಮ್ಮಗಳು ಹುಲಗೆಮ್ಮನನ್ನು ಎಳೆದುಕೊಂಡು ಬಂದಳು. ಹುಡುಗಿ ಎಡಗೈಯಲ್ಲಿ ಬರೆಯುತ್ತಾಳೆ, ಅಮೃತಾ ತಡೆಯುವುದಿಲ್ಲ.

"ಎಡಗೈಲೆ ಬರದ್ರ ವಿದ್ಯಾ ಹತ್ತತೈತೇನ್ರಿ? ಅಕ್ಕೋರ, ನೀವು ಹಳಬ್ರು. ಆ ಕೈ ಕಟ್ಟಿ ಕಲಸ್ರಿ. ಇಲ್ಲಂದ್ರ ಸಾಲಿ ಬಿಡಿಸಿ ನನ್ನ ಕೂಡ ಹೊಲಕ್ಕ ಕರಕೊಂಡು ಹೋಗ್ತೀನಿ."

ಪಕ್ಕದಲ್ಲೇ ನಿಂತಿದ್ದ ಅಮೃತಾಳ ಮುಖ ಸಣ್ಣದಾಯಿತು. ನಾನು ಯಾರ ಕಡೆ ಮಾತಾಡುತ್ತೇನೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಹುಡುಗಿ ಎಡಗೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು.

"ಅಕಿ ಕೈ ಅಕಿಗೆ ಬಿಡವ್ವ ಫಕೀರಮ್ಮ" ಎಂದೆ. "ಬರೀಲಿ. ಅಕ್ಷರ ದುಂಡಗ ಬರಲಿಲ್ಲಂದ್ರ ನನ್ನ ಬಂದು ಕೇಳು."

ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಫಕೀರಮ್ಮ ಗೊಣಗುತ್ತ ಹೋದಳು, ಆದರೆ ಹುಡುಗಿಯನ್ನು ಬಿಟ್ಟು ಹೋದಳು. ನಿನ್ನೆ ಆ ಪುಟ್ಟಿ ಪಾಟಿಯ ತುಂಬ 'ಹ' ಬರೆದು ತಂದು ತೋರಿಸಿದಾಗ ಎಷ್ಟು ಸಂತೋಷವಾಯಿತು ಗೊತ್ತೇ! ಆಮೇಲೆ ಅಮೃತಾಳ ಪಾಠ ಕೇಳಲು ಹೋದೆ. ಕುರ್ಚಿ ತರಿಸಿಕೊಂಡೇ ಕೂತೆ, ಅಷ್ಟು ಹಟ ನನಗಿರಲಿ. ಗದ್ದಲದಲ್ಲೂ ಮಕ್ಕಳು ಕಲಿಯುತ್ತಿದ್ದಾರೆ ಕಣೆ.

ನಿನ್ನ ಮನೆಮಂದಿಯೆಲ್ಲ ತಣ್ಣಗಿರಲಿ. ಮೊಮ್ಮಗಳಿಗೆ ನನ್ನ ಮುತ್ತು.

ನಿನ್ನ
ಅನುಸೂಯಾ

ತಾ.ಕ.: ಇದನ್ನು ನಿನಗೂ ಹೇಳಿರಲಿಲ್ಲ. ಒಂದನೇ ತರಗತಿಯಲ್ಲಿ ನಮ್ಮ ಮಾಸ್ತರರು ನನ್ನ ಜಡೆಯ ರಿಬ್ಬನ್ ಬಿಚ್ಚಿ, ಅದರಿಂದಲೇ ನನ್ನ ಎಡಗೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದರು. ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಜಡೆ ಹೆಣೆದು ಆ ರಿಬ್ಬನ್ ಹಾಕಿ ಕಳಿಸುತ್ತಿದ್ದಳು. ಇವತ್ತು ಶಾಲೆ ಬಿಟ್ಟ ಮೇಲೆ ಅಮೃತಾಳ ಖಾಲಿ ತರಗತಿಯ ಹಲಗೆಯ ಮೇಲೆ ಎಡಗೈಯಲ್ಲಿ ನನ್ನ ಹೆಸರು ಬರೆದೆ. ಸೊಟ್ಟಗೆ ಬಂತು. ಅಳಿಸಲಿಲ್ಲ, ನಾಳೆ ಹುಲಗೆಮ್ಮ ನೋಡಲಿ.