ಕೆಳದನಿಯ ಸರದಿ

ಜೂನ್ 10, 2000, ಶನಿವಾರ

ಎಂದಿನಂತೆ ಯೂನಿಯನ್ ಸಿಟಿಯಿಂದ ಬಾರ್ಟ್ ರೈಲು ಹಿಡಿದು ಬರ್ಕ್ಲಿಗೆ, ನಾನೂ ನನ್ನ ಗಂಡ ಶಿವರಾಮುವೂ. ನಮ್ಮ ಹಾಡುಗುಂಪು, ಕ್ವಾಯರಿನಲ್ಲಿ, ಜುಲೈ ನಾಲ್ಕರ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ ತಯಾರಿ. ಬ್ರಿಟಿಷರ ಜೊತೆ ಇವರು ಹೊಡೆದಾಡಿದ ಕಾಲದ ದೇಶಭಕ್ತಿ ಹಾಡುಗಳು. ಪಿಯಾನೋ ಇಲ್ಲ, ಬರೀ ಗಂಟಲು. ಶ್ರುತಿ ಕೊಡುವುದು ನನ್ನ ಕೆಲಸ. ಪುಸ್ತಕ ಏನೇ ಹೇಳಲಿ, ಕೂತವರ ಗಂಟಲು ನೋಡಿ ಕೊಡಬೇಕಂತೆ. ಹಾಸನದ ನಮ್ಮ ಸಂಗೀತದ ಮೇಷ್ಟ್ರು ಕೇಳಿದ್ದರೆ ಖುಷಿಪಡುತ್ತಿದ್ದರು.

ಹೊಸ ಹಾಡಿನ ನಡುವೆ ಗಂಡಸರ ಕೆಳದನಿ ಒಂದೇ ಮೊದಲು ಏಳುತ್ತೆ, ಅದೂ ಎತ್ತರದ ಸ್ವರದಿಂದ. ಆಮೇಲೆ ಉಳಿದವರು ಒಬ್ಬರ ಹಿಂದೆ ಒಬ್ಬರು. ಕೆಳದನಿಗೆ ಶಿವು ಒಬ್ಬನೇ. ಇವತ್ತು ಅಲ್ಲೇ ದನಿ ಒಡೀತು.

"ಆಫೀಸಿನ ಏಸಿ ಕಣೆ."

ಎರಡು ತಿಂಗಳಿಂದ ಗಂಟಲು ಹೀಗೇ, ನೆಪ ಅದೇ ಏಸಿ! ಡಾಕ್ಟರ್ ಅಂದರೆ, "ಲಾಂಚ್ ಮುಗೀಲಿ." ಹಾಳಾಗಲಿ ಇವನ ಸ್ಟಾರ್ಟಪ್ಪು.

ಜೂನ್ 27

ಶಿವು ಗಂಟಲಲ್ಲಿ ಗೆಡ್ಡೆ. ಜುಲೈ ಆರಕ್ಕೆ ಆಪರೇಷನ್. ದನಿ ಉಳಿಯುತ್ತಾ ಅಂದೆ. "ವಿ ವಿಲ್ ಟ್ರೈ" ಅಂದರು ಡಾಕ್ಟರು.

ನಾಲ್ಕಕ್ಕೆ ಹಾಡಬಹುದಾ ಅಂತ ಇವನು ಕೇಳಿದ. ಡಾಕ್ಟರು ಬೇಡ ಅನ್ನಲಿಲ್ಲ. ಹೇಗೂ ಹೋಗುವ ದನಿ ಅಂತಲೇ ಏನೋ, ಅದೇ ಭಯ ನನಗೆ.

ಜುಲೈ 1

ಶ್ರುತಿ ಸ್ವಲ್ಪ ಇಳಿಸಲಾ ಅಂದೆ. ಲೀಡರ್ ರೂತ್ ಒಪ್ಪಲಿಲ್ಲ — ಕೆಳಗಿನ ದನಿಯ ಆಲ್ಟೋ ಹೆಂಗಸರಿಗೆ ತೀರಾ ಕೆಳಗಾಗುತ್ತಂತೆ. ಕಾರಣ ಹೇಳುವ ಹಾಗಿಲ್ಲ. "ಎಲ್ಲರ ಪಾಪ-ಪಾಪ ಮುಖ ನೋಡಕ್ಕಾಗಲ್ಲ ನಂಗೆ," ಅಂತಾನೆ ಶಿವು.

ಜುಲೈ 4, ಸಂಜೆ

ಮೊದಲು ಬರೀ ಸ್ವರ, ಆಮೇಲೆ ಸಾಹಿತ್ಯ — ಇವರ ಪದ್ಧತಿ. ಚೌಕವಾಗಿ ಕೂತಿದ್ದೆವು, ಅವನು ನನ್ನೆದುರಿಗೆ. ಸ್ವರದ ಸುತ್ತಿನಲ್ಲಿ ಅವನ ಸಾಲು ಬಂತು. ಬಾಯಿ ತೆರೆದ, ದನಿ ಬರಲಿಲ್ಲ. ಹಾಡು ನಿಂತೇಹೋಯಿತು.

ಮತ್ತೆ ಶ್ರುತಿ ಕೊಡಬೇಕು. ರೂತ್ ಕಡೆ ನೋಡಲೇ ಇಲ್ಲ. ಇಳಿಸಿ ಕೊಟ್ಟೆ. ಚೆನ್ನಾಗಿಯೇ ಇಳಿಸಿದೆ.

ಶಿವು ದನಿ ಎತ್ತಿದ. ಒಬ್ಬನೇ, ಇಡೀ ಸಾಲು! ಅಳು ಬಂದು, ಅವನ ಹಿಂದೆಯೇ ಬರುವ ನನ್ನ ಸರದಿಗೆ ನಾನೇ ತಡವಾಗಿ ಸೇರಿದೆ. ರೂತ್ ಇನ್ನೂ ಮುನಿಸಿಕೊಂಡಿದ್ದಾಳೆ. ಇರಲಿ.

ಜುಲೈ 15, ಬೆಳಗ್ಗೆ

ಆಪರೇಷನ್ ಆದಮೇಲೆ ಅವನಿಗೆ ಮೌನ, ಡಾಕ್ಟರ ಆರ್ಡರು. ಇವತ್ತು ಬಾಯಿ ಬಿಡಬಹುದು. ಅಡುಗೆಮನೆಯಲ್ಲಿ ಎದುರುಬದುರು ಕೂತೆವು.

"ನನ್ನ ಹೆಸರು ಹಿಡಿದು ಕರಿ, ಸಾಕು," ಅಂದೆ.

ಗಾಳಿ. ಬರೀ ಗಾಳಿ. ಇನ್ನೊಂದು ಸಲ. ಗಾಳಿ.

ಟವೆಲ್ ತಗೊಂಡು ಸ್ನಾನಕ್ಕೆ ಹೋದ, ನನ್ನ ಮುಖ ನೋಡದೆ. ಹಿಂದೆ ಹೋಗಲಾ ಬೇಡವಾ... ತಿಳಿಯದೆ ಇಲ್ಲೇ ಕೂತು ಬರೆಯುತ್ತಿದ್ದೇನೆ.

ಶವರ್ ಸದ್ದು. ಅದರ ಅಡಿಯಲ್ಲಿ ಇನ್ನೊಂದು — ಗೊಗ್ಗರು, ತೀರಾ ಕೆಳಗೆ. ನಾಲ್ಕನೇ ತಾರೀಖಿನ ಆ ಸಾಲೇ! ತನಗೆ ಎಟುಕುವ ಶ್ರುತಿ ತಾನೇ ಹಿಡಿದಿದ್ದಾನೆ. ಮುಗಿಯುತ್ತಾ ಬಂತು, ಮುಂದಿನ ಸರದಿ ನನ್ನದು. ಈ ಸಲ ತಡ ಮಾಡಬಾರ—