ಔಷಧವಿಲ್ಲದ ಸೀಸೆ

ಪ್ರೀತಿಯ ಅಬ್ಬಾಜಾನ್,

ನರೇಗಲ್ಲಿನ ಸಂತೆಯಲ್ಲಿ ಬೆಲ್ಲ ತೂಗುವ ಮೊದಲು ನೀವು ಖಾಲಿ ತಕ್ಕಡಿಯನ್ನು ಗಿರಾಕಿಯ ಕಣ್ಣ ಮುಂದೆ ಎತ್ತಿ ಹಿಡಿಯುತ್ತಿದ್ದಿರಿ. ಲಕ್ಕಲಕಟ್ಟಿ ಊರಿನ ಗಿರಾಕಿಗಳು ಬಸ್ಸು ಹೋಗುತ್ತದೆಂದು ಅವಸರಪಡಿಸಿದರೂ ನಿಮ್ಮದು ಅದೇ ಹಟ. ಯಾರು ಕೇಳಿದ್ದರು ನಿಮ್ಮನ್ನು? "ಮೊದಲ ಖಾಲಿ ನೋಡ್ಲಿ, ಆಮ್ಯಾಲೆ ಬೆಲ್ಲ," ಎನ್ನುತ್ತಿದ್ದಿರಿ. ನನಗೋ ನಾಚಿಕೆಯಾಗುತ್ತಿತ್ತು.

ಧಾರವಾಡದಲ್ಲಿ ನನಗೆ ಸಂಶೋಧನೆಗೆ ಸೀಟು ಸಿಕ್ಕ ದಿನ ನೀವು ಈ ಲೋಕದಲ್ಲಿರಲಿಲ್ಲ. ಏನು ಓದುತ್ತೀ ಎಂದು ಕೇಳಿದ್ದರೆ ಹೇಳುತ್ತಿದ್ದೆ: ಡೆಂಡ್ರಿಮರ್. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ನಡುವಿನಿಂದ ಟೊಂಗೆ, ಟೊಂಗೆಗೆ ಮತ್ತೆರಡು ಟೊಂಗೆ, ಹೀಗೆ ಸುತ್ತಲೂ ಕವಲೊಡೆಯುತ್ತದೆ. ಅದರೊಳಗೆ ಔಷಧ ತುಂಬಿ ಬಾವು ಇಳಿಸುವುದು ನನ್ನ ಕೆಲಸ. ದೇಹದ ಕಾವಲುಪಡೆಯೇ ಕೆರಳಿ ತನ್ನ ಕೀಲುಗಳ ಮೇಲೆ ತಿರುಗಿಬೀಳುತ್ತದಲ್ಲ, ಅಮ್ಮಿಯ ಮೊಣಕಾಲಿನಂತೆ, ಅಂಥ ಬಾವು.

ಇಲಿಗಳ ಮೇಲೆ ಪ್ರಯೋಗ ಶುರುವಾದ ದಿನ, ಕೆಲವಕ್ಕೆ ಔಷಧ ತುಂಬದ ಖಾಲಿ ಕಣವನ್ನೂ ಕೊಡುತ್ತೇನೆಂದೆ. ದಂಡ ಎಂದರು ನನ್ನ ಸರ್. ನೀವು ನೆನಪಾದಿರಿ, ಕೊಟ್ಟೇಬಿಟ್ಟೆ. ನೋಡಿದರೆ ಆ ಇಲಿಗಳ ಪಾದದ ಬಾವೂ ಇಳಿದಿತ್ತು. ಸೀಸೆ ಅದಲುಬದಲು ಮಾಡಿದ್ದೀ ಎಂದು ಸರ್ ಎಲ್ಲರೆದುರು ಬೈದರು. ನಿಮ್ಮ ಮಗಳ ಕೈಯ ಮೇಲೆ ಅನುಮಾನ! ಸೀಸೆಗಳಿಗೆ ಗುರುತು ಸರ್ ಅವರೇ ಹಾಕಲಿ, ಯಾವುದು ಯಾವುದೆಂದು ನನಗೆ ಹೇಳುವುದು ಬೇಡ ಎಂದೆ. ಮತ್ತೆ ಮಾಡಿದೆ. ಮತ್ತೆಯೂ...

ಮೂರನೆಯ ಸಲ ಸರ್ ಕನ್ನಡಕ ತೆಗೆದು ಒರೆಸುತ್ತ ಕೂತರು. ಒಳಗೆ ಏನೂ ಇಲ್ಲದೆ, ಬರೀ ಆ ಕವಲುಗಳೇ ಬಾವನ್ನು ತಗ್ಗಿಸುತ್ತಿದ್ದವು. ಹೇಗೆಂಬುದು ಇನ್ನೂ ಪೂರ್ತಿ ತಿಳಿದಿಲ್ಲ. "ತಪ್ಪಿದ್ದು ನಾನವ್ವಾ, ನೀ ಅಲ್ಲ," ಎಂದರು, ಅದೂ ಎಲ್ಲರೆದುರೇ. ಆಗ ನಾನು ಎಷ್ಟು ಬೀಗಿದೆನೆಂದು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಕಳೆದ ವಾರ ಅಚ್ಚಾದ ಲೇಖನ ಹಿಡಿದು ಮನೆಗೆ ಹೋಗಿದ್ದೆ. ನನ್ನ ಹೆಸರಿನ ಜೊತೆ ನಿಮ್ಮದೂ ಇದೆ, ಅಮ್ಮಿ ಅದರ ಮೇಲೆ ಬೆರಳಾಡಿಸಿದಳು. ನೆರೆಮನೆಯ ಗೌರವ್ವ ಮೊಣಕಾಲಿಗೆ ಒಂದು ಸೀಸೆ ಕೊಡು ಎಂದರು. ಅಮ್ಮಿಯೂ ಆಸೆಯಿಂದ ನೋಡಿದಳು. ಇದಿನ್ನೂ ಇಲಿಗಳ ಮಾತು, ಮನುಷ್ಯರಿಗೆ ಬರಲು ಎಷ್ಟು ವರ್ಷವೋ, ಬಾರದೆಯೂ ಇರಬಹುದು ಎಂದು ಇದ್ದದ್ದು ಇದ್ದಂತೆ ಹೇಳಿದೆ. ಸಂಕಟವಾಯಿತು. ಇಷ್ಟು ಓದಿಯೂ ಒಂದು ಔಷಧ ಇಲ್ಲವೇ ಎಂದು ಗೌರವ್ವ ನಕ್ಕರು.

ಅಮ್ಮಿ ನಗಲಿಲ್ಲ. ಊದಿದ ಮೊಣಕಾಲು ಒತ್ತಿಕೊಳ್ಳುತ್ತ ಅಂದಳು: "ನನ್ನ ಮಗಳು ಇಲ್ಲ ಅಂದ್ರ ಇಲ್ಲರಿ. ಈಕಿ ಹೌದು ಅಂದ ದಿನ ಎಲ್ಲಾರಕಿಂತ ಮೊದಲ ನಾ ತಗೋತೇನಿ."