ಕಾದು ಕೂತಿದ್ದ ಮಾತು

೨೩೧೭, ಫೆಬ್ರವರಿ ೩೦. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ನಗಬೇಡಿ.

ಕಂಪ್ಯೂಟರಿಗೆ ಕೋಡು ಬರೆಯುವ ಹಿರೀಕರೇ, ನಾನು ಹುಲಿಗೆವ್ವ, ಕಾಲುವೆಯ ಮೇಲ್ಗೇಟು ಕಾಯುವವಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಮಾತು ಒರಟು ಅನಿಸಿದರೆ ಅನಿಸಲಿ, ತಿಳಿಯದಿದ್ದರೆ ಮಾತ್ರ ಎರಡು ಸಲ ಓದಿ.

ನಿಮ್ಮ ಕ್ಲೈಂಟ್ ಲೈಬ್ರರಿಗೆ, ಅಂದರೆ ಮಾತು ಸಾಗಿಸುವ ನಿಮ್ಮ ಕೋಡಿಗೆ, ನಾವು ಕೊಂಡಿಪೆಟ್ಟಿಗೆ ಅಂತೀವಿ. ಇಲ್ಲಿ ಒತ್ತಿದ ಮಾತು ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ. ಗೇಟು ಎತ್ತೋದು, ಗಿರಣಿ ನಿಲ್ಲಿಸೋದು, ಕೂಸು ಹುಟ್ಟಿದ ಸುದ್ದಿ, ಎಲ್ಲ ಅದರ ಮೇಲೇ. ಉಗುಳಿಯೂ ಅದರ ಮೇಲೇ. ಉಗುಳಿ ಅಂದರೆ ಗೋಡೆ ಮೇಲೆ ಕೂತು ಕಬ್ಬಿಣದ ಚೂರು ಉಗುಳುವ ಬಂದೂಕು. ಅದಕ್ಕೆ ಕೈ ಬೇಡ, ಮಾತು ಸಾಕು.

ನೀರಿಗಾಗಿ ಕೆಳದಂಡೆಯವರು ಕೊಡಲಿ ಹಿಡಿದು ಬಂದರು. ನಮ್ಮ ಮೂವರನ್ನು ಕಣ್ಣೆದುರೇ ಕಡಿದರು. ನಾನು "ಹೊಡಿ" ಅಂತ ಒತ್ತಿದೆ. ಅಷ್ಟರಲ್ಲಿ ಅವರು ಮಾತು ಸಾಗಿಸುವ ಕಂಬ ಉರುಳಿಸಿ ಆಗಿತ್ತು, ಕೊಂಡಿ ಕಡಿದುಹೋಗಿತ್ತು. ಉಗುಳಿ ಅಲುಗಲಿಲ್ಲ. ಮಾತು ಅಲ್ಲೇ ಸತ್ತಿತು ಅಂದುಕೊಂಡೆ.

ಎರಡು ದಿನ ಕಲ್ಲು, ಕುಡುಗೋಲು, ಹಲ್ಲು ಎಲ್ಲದರಲ್ಲೂ ಬಡಿದಾಡಿದೆವು. ಕೊನೆಗೆ ದಣಿದು ರಾಜಿಯಾದೆವು. ಮೂರನೇ ದಿನ ಮಧ್ಯಾಹ್ನ ಗೇಟಿನ ಮುಂದೆ ಅವರು ತಂದ ಹಂಡೆಯಿಂದ ಎರಡೂ ಕಡೆಯವರು ಅಂಬಲಿ ಕುಡಿಯುತ್ತಿದ್ದರು. ನನ್ನ ತಮ್ಮ ಯಂಕೋಬ ಒಡೆದ ತಲೆಗೆ ಬಟ್ಟೆ ಸುತ್ತಿಕೊಂಡು ಕೂಗಿದ: "ಅಕ್ಕಾ, ಇವರ ಅಂಬಲಿ ಮುಂದೆ ನಿಂದು ಬರೀ ಕಲಗಚ್ಚು ನೋಡು!"

ಆಗಲೇ ನಮ್ಮ ರೇಷ್ಮಾಬಿ, ಪೆಟ್ಟಿಗೆ ನೋಡಿಕೊಳ್ಳುವವಳು, ಕಂಬ ನಿಲ್ಲಿಸಿ ಕೊಂಡಿ ಹಚ್ಚಿದಳು.

ಪೆಟ್ಟಿಗೆ ನನ್ನ ಮಾತನ್ನು ಇಟ್ಟುಕೊಂಡಿತ್ತು. ಕೊಂಡಿ ಕೂಡಿದ್ದೇ ತಡ, ಮುಟ್ಟಿಸಿತು. ಉಗುಳಿ ತಿರುಗಿತು. ಹಂಡೆ ತೂತಾಯಿತು, ನೆಲದ ಮೇಲೆ ಅಂಬಲಿ ಕೆಂಪಗೆ ಹರಿಯಿತು. ಹತ್ತೊಂಬತ್ತು ಜನ. ಯಂಕೋಬನ ನಗು ಇದ್ದ ಕಡೆ ಮುಖವೇ ಇರಲಿಲ್ಲ.

ರೇಷ್ಮಾಬಿಯ ಕುತ್ತಿಗೆ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. "ಕೊಂಡಿ ಕಡಿದಾಗ ಆಡಿದ್ದನ್ನ ಅದು ಕೂಡಿದಾಗ ಹೇಳುತ್ತೆ, ಅವ್ವಾ. ಅದು ನನಗೆ ಗೊತ್ತಿತ್ತು. ನೀನು ಒತ್ತಿದ್ದು ಗೊತ್ತಿರಲಿಲ್ಲ," ಅಂದಳು. ಕೈ ತಾನೇ ಸಡಿಲವಾಯಿತು. ಒತ್ತಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬುದ್ಧಿವಂತರೇ, ಮಾತು ಕಳೆಯಬಾರದು ಅಂತ ನೀವು ಕಾಳಜಿ ಮಾಡಿದಿರಿ. ಸರಿ. ಆದರೆ ಕೊಂಡಿ ಕೂಡಿದಾಗ ಹಳೇ ಮಾತು ಮುಟ್ಟಿಸುವ ಮೊದಲು, ಪೆಟ್ಟಿಗೆ ಆಡಿದವರನ್ನು ಒಂದು ಸಲ ಕೇಳಲಿ: ಇನ್ನೂ ಅದೇ ಮಾತಾ? ಇವತ್ತೇ ಕೂತು ಅಷ್ಟು ಬರೆಯಿರಿ.

ನನ್ನನ್ನು ಕೇಳಿದ್ದರೆ ಅಲ್ಲ ಅಂತಿದ್ದೆ. ಅಂಬಲಿಗೆ ತಂಬಿಗೆ ಹಿಡಿದು ನಾನೂ ಆ ಹಂಡೆಯತ್ತಲೇ ಹೊರಟಿದ್ದೆ.